ಪರದೆಯಣ್ಣ ಅಕ್ಕನಿಗೆ ಹೋಟೆಲ್ ಆರಿಸಿದ್ದು

ಪರದೆ ಬಟ್ಟೆ ಮಾರುವವನಿಗೆ ಊರಿನಲ್ಲಿ ಬೇರೆ ಯಾವ ವ್ಯಾಪಾರಿಗೂ ಇಲ್ಲದ ಒಂದು ಸಲುಗೆ ಇರುತ್ತದೆ. ಹಾಲಿನವನು ಬಾಗಿಲಲ್ಲೇ ನಿಲ್ಲಬೇಕು, ಗ್ಯಾಸಿನವನು ಅಡುಗೆಮನೆ ಮುಟ್ಟಿ ಹಿಂದಿರುಗಬೇಕು. ಪರದೆಯವನು ಮಾತ್ರ ಟೇಪು ಹಿಡಿದುಕೊಂಡು ಸೀದಾ ಮಲಗುವ ಕೋಣೆಗೆ ನುಗ್ಗಬಹುದು. ಮನೆಯವರೇ ದಾರಿ ಬಿಡುತ್ತಾರೆ, ಮಂಚದ ಮೇಲಿನ ಒಗೆಯದ ಬಟ್ಟೆಯ ರಾಶಿಯನ್ನು ನಾಚಿಕೊಂಡು ಪಕ್ಕಕ್ಕೆ ತಳ್ಳುತ್ತಾರೆ. ಹಳೇ ಪೇಟೆಯಲ್ಲಿ ಎಲ್ಲರೂ ಪರದೆಯಣ್ಣ ಎಂದು ಕರೆಯುತ್ತಿದ್ದ ಮನುಷ್ಯ ಈ ಸಲುಗೆಯಲ್ಲೇ ತಲೆ ನರೆಸಿಕೊಂಡವನು. ಯಾರ ಮನೆಯಲ್ಲಿ ಗಂಡ ಒಂದು ಕೋಣೆ, ಹೆಂಡತಿ ಒಂದು ಕೋಣೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಯಾರ ಹತ್ತಿರವೂ ಬಾಯಿ ಬಿಡುತ್ತಿರಲಿಲ್ಲ. ಅವನ ವ್ಯಾಪಾರದ ಅರ್ಧ ಗುಟ್ಟು ಅದು.

ಉಳಿದರ್ಧ ಏನೆಂದರೆ, ಗಿರಾಕಿಗೆ 'ಇದನ್ನೇ ತಗೊಳ್ಳಿ' ಎಂದು ಅಪ್ಪಿತಪ್ಪಿಯೂ ಹೇಳದಿರುವುದು. ಹಸಿರು ತಗೊಳ್ಳಿ ಎಂದು ಇವನು ಹೇಳಿ, ಮಳೆಗಾಲದ ಹೊತ್ತಿಗೆ ಅವರಿಗೆ ಹಸಿರು ಕಂಡರೆ ವಾಕರಿಕೆ ಬಂದರೆ, ತಪ್ಪು ಅಂಗಡಿಯವನ ತಲೆಗೆ. ಅದಕ್ಕೆ ಅವನು ಮೂರು ತುಂಡು ಬಟ್ಟೆ ಕೊಟ್ಟು ಕಳಿಸುತ್ತಿದ್ದ. "ಮನೆಗೆ ಒಯ್ಯಿರಿ. ದಿನಕ್ಕೊಂದು ಕಿಟಕಿಗೆ ಹಾಕಿ ನೋಡಿ. ನಿಮ್ಮ ಮನಸ್ಸಿಗೆ ಯಾವುದು ಬರುತ್ತೋ ಅದು." ಆರಿಸಿದ್ದು ನೀವು, ಕತ್ತರಿ ಹಾಕಿದ್ದಷ್ಟೇ ನಾನು ಎಂದು ಆಮೇಲೆ ಕೈ ತೊಳೆದುಕೊಳ್ಳಲು ಅನುಕೂಲ. ಇಷ್ಟು ವರ್ಷದಲ್ಲಿ ಒಂದೇ ಒಂದು ಪರದೆ ವಾಪಸ್ ಬಂದಿರಲಿಲ್ಲ. ಅವನ ಮಾತಿಗೆ ಕಟ್ಟುಬಿದ್ದು ಯಾರೂ ಏನನ್ನೂ ಕೊಂಡಿರಲೂ ಇಲ್ಲ.

ಅವನು ಕೂತಲ್ಲೇ ಕೂರುವ ಪ್ರಾಣಿಯಂತೂ ಅಲ್ಲ. ಅವನ ಅಂಗಡಿಯ ಗಲ್ಲಾದ ಹಿಂದಿನ ಕುರ್ಚಿಗೆ ಹೊಸತರಲ್ಲಿ ಸುತ್ತಿದ್ದ ಪ್ಲಾಸ್ಟಿಕ್ಕು ಇನ್ನೂ ಹಾಗೇ ಇತ್ತು. ಗಿರಾಕಿ ಇಲ್ಲದಿದ್ದರೆ ಸುತ್ತಿಟ್ಟ ಬಟ್ಟೆಯ ಥಾನುಗಳನ್ನು ಕೆಳಗಿಂದ ಮೇಲಕ್ಕೆ ಜೋಡಿಸುವನು, ಆಮೇಲೆ ಮೇಲಿಂದ ಕೆಳಕ್ಕೆ. ಹೆಂಡತಿ ಊಟಕ್ಕೆ ಬಡಿಸಿದರೆ ಎರಡು ತುತ್ತಿಗೊಮ್ಮೆ ಎದ್ದು ಕಿಟಕಿ ನೋಡಿಬರುವನು. "ನಿಮ್ಮ ಕಾಲಿಗೆ ಒಂದು ಗೂಟ ಹೊಡೀಬೇಕು ಕಣ್ರೀ," ಎನ್ನುವಳು ಆಕೆ. ಗೂಟ ಎಷ್ಟು ಉದ್ದದ್ದು ಬೇಕು ಎಂದು ಇವನು ಅಳತೆ ಕೇಳುವನು.

ಇಂಥವನಿಗೆ ಒಂದು ಮಧ್ಯಾಹ್ನ ಅಕ್ಕನ ಫೋನು ಬಂತು.

ಈ ಅಕ್ಕ ಅಂದರೆ ಬರೀ ಅಕ್ಕ ಅಲ್ಲ. ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದಾಗ ಇವನಿಗಿನ್ನೂ ಚಡ್ಡಿಯ ವಯಸ್ಸು. ಆಕೆ ಓದು ಬಿಟ್ಟು ಪೇಟೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸಕ್ಕೆ ಸೇರಿದಳು. ತಲೆಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಬೋರ್ಡಿನ ತೂತುಗಳಿಗೆ ವೈರು ಚುಚ್ಚುತ್ತ, ಊರಿನವರನ್ನೆಲ್ಲ ಊರಿನವರಿಗೆ ಜೋಡಿಸಿ ತಮ್ಮನನ್ನು ಸಾಕಿದಳು. ಇವನು ಶಾಲೆಯಲ್ಲಿ ಪಾಸಾಗುವ ಲಕ್ಷಣ ಕಾಣದಿದ್ದಾಗ ಕಿವಿ ಹಿಡಿದು ಪರದೆ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲಿಸಿದವಳೂ ಆಕೆಯೇ. ಆಮೇಲೆ ಫೋನುಗಳು ತಮ್ಮಷ್ಟಕ್ಕೆ ತಾವೇ ಜೋಡಿಸಿಕೊಳ್ಳುವುದನ್ನು ಕಲಿತವು. ಎಕ್ಸ್‌ಚೇಂಜಿಗೆ ಬೀಗ ಬಿತ್ತು, ಅಕ್ಕನಿಗೆ ದೂರದ ಊರಿಗೆ ವರ್ಗವಾಯಿತು. ಮದುವೆಯ ಗೋಜಿಗೆ ಹೋಗದೆ ಅಲ್ಲೇ ಬಾಡಿಗೆ ಮನೆಯಲ್ಲಿದ್ದು, ಅಲ್ಲೇ ನಿವೃತ್ತಿಯೂ ಆದಳು.

"ನಾನು ಬರ್ತಾ ಇದೀನಿ ಕಣೋ," ಅಂದಳು ಅಕ್ಕ. "ಮೂರು ದಿನ."

"ಬಾ ಅಕ್ಕ. ಮನೆ ಇದೆಯಲ್ಲ."

"ನಿನ್ನ ಮನೆಗೆ ಬರಲ್ಲ. ನಿನ್ನ ಹೆಂಡತಿಯ ಅಡುಗೆಮನೇಲಿ ನಾನು ಹೋಗಿ ನಿಂತ್ರೆ ಅವಳಿಗೆ ಕೈಕಾಲು ಆಡಲ್ಲ, ಸುಮ್ನೆ ಹೊರಗೆ ಕೂತ್ರೆ ನನಗೆ ಆಡಲ್ಲ. ಯಾವುದಾದ್ರೂ ಹೋಟೆಲ್ ನೋಡು. ಹಳೇ ಪೇಟೇಲೇ ಇರ್ಲಿ. ಬೈಪಾಸ್ ಪಕ್ಕದ ಗಾಜಿನ ಡಬ್ಬಿ ಬೇಡ."

"ಏನು ಇದ್ದಕ್ಕಿದ್ದ ಹಾಗೆ?"

"ಇಲ್ಲಿ ವಯಸ್ಸಾದ ಹೆಂಗಸರಿಗೆ ಅಂತ ಒಂದು ಹಾಸ್ಟೆಲ್ ಥರದ್ದಿದೆ. ನನಗೆ ಅಂತ ಒಂದು ರೂಮು ಹಿಡಿದಿಟ್ಟಿದಾರೆ. ಭಾನುವಾರದೊಳಗೆ ಹೂಂ ಅಂತಲೋ ಉಹೂಂ ಅಂತಲೋ ಹೇಳ್ಬೇಕು. ಸೇರಿದ್ರೆ ಮುಗೀತು, ಕೊನೇತನಕ ಅಲ್ಲೇ. ಅದಕ್ಕೆ ಮುಂಚೆ ಊರು ಹೇಗಿದೆ ಅಂತ ಸುಮ್ನೆ ಒಂದ್ಸಲ ನೋಡ್ಕೊಂಡು ಹೋಗೋಣ ಅಂತ."

ಸುಮ್ಮನೆ ನೋಡಿಕೊಂಡು ಹೋಗೋಣ ಎಂದು ಅಂಗಡಿಗೆ ಬರುವವರನ್ನು ಪರದೆಯಣ್ಣ ಜೀವಮಾನವಿಡೀ ಕಂಡಿದ್ದ. ಕೊಳ್ಳುವ ಮನಸ್ಸಿಲ್ಲದವರು ಹಾಗೆ ಹೇಳುವುದಿಲ್ಲ, ಬರುವುದೇ ಇಲ್ಲ. ಅಕ್ಕನಿಗೆ ಇಲ್ಲಿಯೇ ಉಳಿಯುವ ಆಸೆ ಇದೆ. ಊರು ಹಿಡಿಸಿದರೆ ಉಳಿದಾಳು, ಇಲ್ಲವಾದರೆ ಆ ಹಾಸ್ಟೆಲ್ಲು. ಅದು ಹೊಳೆದದ್ದೇ ತಡ, ಅವನ ಅಂಗಾಲಿಗೆ ಕೆಂಡ ಬಿದ್ದಂತಾಯಿತು. ಅಕ್ಕ ಉಳಿಯಬೇಕು, ಅವನಿಗೆ ಬೇಕಾಗಿದ್ದುದು ಅಷ್ಟೇ. ಆದರೆ ಹಾಗೆಂದು ಫೋನಿನಲ್ಲಿ ಹೇಳಿದನೋ? ಇಲ್ಲ. "ಎಲ್ಲ ಅನುಕೂಲ ಮಾಡ್ತೀನಿ," ಎಂದ.

ಹಳೇ ಪೇಟೆಯಲ್ಲಿ ಆಗ ಹೊಸ ಕಾಯಿಲೆಯೊಂದು ಹಬ್ಬಿತ್ತು. ಬಾಗಿಲು ಮುಚ್ಚಿ ಪಾರಿವಾಳಗಳ ಪಾಲಾಗಿದ್ದ ಕಟ್ಟಡಗಳನ್ನೆಲ್ಲ ಒಬ್ಬೊಬ್ಬರು ಕೊಂಡು, ಸುಣ್ಣ ಕೆರೆಸಿ, ಇಟ್ಟಿಗೆ ಕಾಣುವ ಹಾಗೆ ಬಿಟ್ಟು, ಬುಟೀಕ್ ಹೋಟೆಲ್ ಎಂದು ಬೋರ್ಡು ಹಾಕುತ್ತಿದ್ದರು. ಬುಟೀಕ್ ಅಂದರೆ ಕೋಣೆ ಚಿಕ್ಕದು, ಟವೆಲ್ಲು ದೊಡ್ಡದು. ಗೋಡೆ ಕಿತ್ತುಹೋಗಿದ್ದರೆ ಅದು ಬಡತನವಲ್ಲ, ಇತಿಹಾಸ. ನಡೆದು ಮುಟ್ಟುವಷ್ಟು ದೂರದಲ್ಲಿ ಅಂಥವು ಮೂರಿದ್ದವು. ಒಂದು ಹಿಂದೆ ಬ್ಯಾಂಕಾಗಿತ್ತು, ಒಂದು ಹಡಗು ಕಂಪನಿಯ ಆಫೀಸಾಗಿತ್ತು, ಇನ್ನೊಂದು ಅದೇ ಟೆಲಿಫೋನ್ ಎಕ್ಸ್‌ಚೇಂಜು.

ಮೊದಲು ಬ್ಯಾಂಕಿಗೆ ಹೋದ. ಅಲ್ಲಿನ ಪರದೆಗಳು ಅವನವೇ. ರಿಸೆಪ್ಷನ್ನಿನ ಹುಡುಗಿ, "ಏನ್ ಸಾರ್, ಪರದೆ ರಿಪೇರಿಗಾ?" ಎಂದಳು.

"ಅಲ್ಲಮ್ಮ, ರೂಮು ನೋಡೋಕೆ. ನಮ್ಮಕ್ಕನಿಗೆ."

ಹುಡುಗಿ ಒಂದು ಕೋಣೆ ತೆರೆದು ತೋರಿಸಿದಳು. ಪರದೆಯಣ್ಣ ಚಪ್ಪಲಿ ಬಿಚ್ಚಿ ಮಂಚದ ಮೇಲೆ ಅಂಗಾತ ಮಲಗಿದ. ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ. ಎದ್ದು ನಲ್ಲಿ ಬಿಟ್ಟು ಬಿಸಿನೀರು ಬರುವವರೆಗೆ ಕಾದ. ಗೋಡೆ ತಟ್ಟಿದ. ಬ್ಯಾಂಕಿನ ಗೋಡೆ, ಪಕ್ಕದ ಕೋಣೆಯಲ್ಲಿ ಮದ್ದಳೆ ಬಾರಿಸಿದರೂ ಕೇಳಿಸುವಂತಿರಲಿಲ್ಲ. ಎಲ್ಲ ಚೆನ್ನಾಗಿತ್ತು, ಕಿಟಕಿಯ ಪರದೆಯ ಅಂಚು ಮಾತ್ರ ನೆಲಕ್ಕಿಂತ ಒಂದು ಬೆರಳು ಮೇಲಿತ್ತು. ತಾನೇ ಹೊಲಿಸಿಕೊಟ್ಟದ್ದು. ಅದನ್ನು ಕಂಡ ಮೇಲೆ ಆ ಕೋಣೆಯಲ್ಲಿ ಬೇರೇನೂ ಅವನ ಕಣ್ಣಿಗೆ ಬೀಳಲಿಲ್ಲ.

ಹಡಗು ಕಂಪನಿಯದರಲ್ಲಿ ಬೀದಿಯ ಕಡೆಗೊಂದು ಬಾಲ್ಕನಿಯಿತ್ತು, ಅಕ್ಕನಿಗೆ ಜನ ನೋಡುವುದು ಇಷ್ಟ. ಆದರೆ ಮೆಟ್ಟಿಲು ಏಣಿಗೆ ಅಣ್ಣನಂತಿತ್ತು. ಅಕ್ಕನ ಮಂಡಿ ನೆನೆದು ಇವನ ಮಂಡಿ ನೋಯತೊಡಗಿತು. ಎಕ್ಸ್‌ಚೇಂಜಿಗೆ ಹೋದರೆ ಅಲ್ಲಿ ಗೋಡೆಯ ಮೇಲೆಲ್ಲ ಹಳೆಯ ಹೆಡ್‌ಫೋನುಗಳನ್ನು ಜಿಂಕೆಯ ಕೊಂಬಿನ ಹಾಗೆ ಮೊಳೆ ಹೊಡೆದು ನೇತುಹಾಕಿದ್ದರು. ಅಕ್ಕ ಇದನ್ನು ನೋಡಿ ಖುಷಿಪಟ್ಟಾಳು ಅನ್ನಿಸಿತು. ಬಾಗಿಲು ದಾಟುವಷ್ಟರಲ್ಲಿ, ಅತ್ತುಬಿಟ್ಟರೆ ಏನು ಗತಿ ಅನ್ನಿಸಿತು. ಮತ್ತೆ ಒಳಗೆ ಹೋಗಿ ಇನ್ನೊಮ್ಮೆ ನೋಡಿ ಬಂದ.

ಹೀಗೆ ಆ ವಾರವೆಲ್ಲ ಮೂರು ಹೋಟೆಲುಗಳ ನಡುವೆ ಗಡಿಯಾರದ ಲೋಲಕದ ಹಾಗೆ ಆಡಿದ. ಒಂದು ದಿನ ಬ್ಯಾಂಕೇ ಸರಿ ಎಂದು ಎದ್ದವನು ಹಲ್ಲುಜ್ಜುವಷ್ಟರಲ್ಲಿ ಎಕ್ಸ್‌ಚೇಂಜಿಗೆ ತಿರುಗಿದ. ಅಂಗಡಿಗೆ ಬಂದ ಗಿರಾಕಿಗಳನ್ನೇ, "ನಿಮ್ಮಕ್ಕ ಬಂದ್ರೆ ಬಾಲ್ಕನಿ ಕೇಳ್ತಾರಾ, ದಪ್ಪ ಗೋಡೆ ಕೇಳ್ತಾರಾ?" ಎಂದು ವಿಚಾರಿಸಿದ. ಹೆಂಡತಿಯನ್ನೂ ಕೇಳಿದ.

ಆಕೆ ಸೊಪ್ಪು ಬಿಡಿಸುತ್ತಿದ್ದಳು. "ನಿಮ್ಮಕ್ಕ ಹೋಟೆಲ್ ನೋಡೋಕೆ ಬರ್ತಿದಾರೇನ್ರಿ?"

"ಮತ್ತೆ?"

"ನನ್ನನ್ನ ಕೇಳಿದ್ರೆ, ಬಸ್ ಇಳೀತಿದ್ದ ಹಾಗೇ ಹೇಳೋದು ಹೇಳಿಬಿಡಿ. ನನಗೇನೂ ಅವರ ಮೇಲೆ ಹಗೆ ಇಲ್ಲ. ಒಂದೇ ಅಡುಗೆಮನೆ ಬೇಡ ಅಷ್ಟೆ. ಒಂದೇ ಬೀದೀಲಿ ಇರ್ಲಿ, ಬೇಡ ಅಂದೋರ್ಯಾರು?"

"ಅವಳಿಗೆ ಹೇಗೆ ಅನುಕೂಲವೋ..."

"ಅದೇ ರಾಗ," ಎಂದು ಆಕೆ ಸೊಪ್ಪಿನ ಕಡ್ಡಿಯನ್ನು ಬುಟ್ಟಿಗೆಸೆದಳು.

ಕೊನೆಗೆ ಪರದೆಯಣ್ಣನಿಗೆ ಹೊಳೆದ ಉಪಾಯ ಅವನಿಗಲ್ಲದೆ ಬೇರೆಯವರಿಗೆ ಹೊಳೆಯುವಂಥದ್ದಲ್ಲ. ಮೂರು ಹೋಟೆಲಿನಲ್ಲೂ ಒಂದೊಂದು ದಿನಕ್ಕೆ ಕೋಣೆ ಹಿಡಿದ. ಅಕ್ಕ ದಿನಕ್ಕೊಂದರಲ್ಲಿ ಇರಲಿ, ಬೆಳಗಿನ ಬಿಸಿಲಲ್ಲಿ ನೋಡಲಿ, ಅವಳ ಮನಸ್ಸಿಗೆ ಬಂದದ್ದನ್ನು ಅವಳೇ ಹೇಳಲಿ.

ಶುಕ್ರವಾರ ಅಕ್ಕ ಬಸ್ಸಿನಿಂದ ಇಳಿದಳು. ಬೆನ್ನು ಸ್ವಲ್ಪ ಬಾಗಿತ್ತು, ದನಿ ಮಾತ್ರ ಬಾಗಿರಲಿಲ್ಲ. ಆ ದನಿ ಕೇಳಿದರೆ ಈಗಲೂ ಲೈನಿನ ಆ ತುದಿಯಲ್ಲಿರುವವರು ನೆಟ್ಟಗೆ ಕೂರಬೇಕು. ತಮ್ಮನ ಏರ್ಪಾಡನ್ನು ಕೇಳಿ, "ನಾನೇನು ಗಿರಾಕಿನೇನೋ, ಮೂರು ತುಂಡು ಕೊಟ್ಟು ಕಳಿಸೋಕೆ?" ಎಂದಳು.

"ಹಾಗಲ್ಲ ಅಕ್ಕ. ನಿನಗೆ ಯಾವುದು ಹಿಡಿಸುತ್ತೋ ನೋಡು ಅಂತ."

"ಆಯ್ತು ನಡಿ, ನೋಡ್ತೀನಿ."

ಮೊದಲು ಎಕ್ಸ್‌ಚೇಂಜು. ಪರದೆಯಣ್ಣ ಕೋಣೆಯ ಬಾಗಿಲು ತಾನೇ ತೆರೆದು, ಅಕ್ಕನ ಮುಖವನ್ನು ಪರೀಕ್ಷೆಯ ಫಲಿತಾಂಶ ನೋಡುವವನ ಹಾಗೆ ನೋಡಿದ. ಅಕ್ಕ ಸುತ್ತಲೂ ಕಣ್ಣಾಡಿಸಿದಳು. ಮಂಚದ ತಲೆಯ ಹತ್ತಿರದ ಮೂಲೆಗೆ ಬಂದು ನಿಂತಳು.

"ನಿನಗೆ ನೆನಪಾಗ್ತಿದೆಯಾ ಅಕ್ಕ?"

"ಆಗ್ದೆ ಏನು. ಇದು ಹೆಂಗಸರ ಕಕ್ಕಸು."

ಕೋಣೆ ಬದಲಾಯಿಸಲು ಕೆಳಗೆ ಓಡಲಿದ್ದ ಪರದೆಯಣ್ಣನನ್ನು ಅಕ್ಕ ತೋಳು ಹಿಡಿದು ನಿಲ್ಲಿಸಿದಳು. "ಇರ್ಲಿ ಬಿಡೋ. ಆಗ ಇಲ್ಲಿಗೆ ಬರೋಕೆ ಸೂಪರ್‌ವೈಸರ್ ಹತ್ರ ಕೈ ಎತ್ತಿ ಪರ್ಮಿಷನ್ ಕೇಳ್ಬೇಕಿತ್ತು. ಈಗ ಬೇಕಾದಷ್ಟು ಹೊತ್ತು ಮಲಗ್ತೀನಿ."

ಮಾರನೆಯ ಬೆಳಿಗ್ಗೆ ಇವನು ಬರುವ ಹೊತ್ತಿಗೆ ಅಕ್ಕ ಕೆಳಗಿನ ಹಾಲಿನಲ್ಲಿ ತಿಂಡಿಗೆ ಕೂತಿದ್ದಳು. ಅದೇ ಹಾಲಿನಲ್ಲಿ ಹಿಂದೆ ಬೋರ್ಡುಗಳಿದ್ದವು. ಈಗ ಮೆತ್ತನೆಯ ಕುರ್ಚಿಗಳು, ಅವುಗಳಲ್ಲಿ ಗಲಗಲ ಮಾತಾಡುತ್ತ ತಿನ್ನುವ ಜನ.

"ಎಲ್ಲ ಸರಿಯಿತ್ತಾ? ಸದ್ದು ಜಾಸ್ತಿಯಿತ್ತಾ? ನೀರು ಬಿಸಿ ಬಂತಾ?" ಇವನು ನಿಂತೇ ಕೇಳಿದ.

"ಕೂತ್ಕೋ."

ಕೂತ. ಮತ್ತೆ ಎದ್ದು ಕಿಟಕಿಯ ಹತ್ತಿರ ಹೋಗಿ ಪರದೆಯ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ ಬಂದ. ಬೇರೆ ಅಂಗಡಿಯದು, ಕಳಪೆ ಮಾಲು.

"ಈ ಥರ ಕುರ್ಚಿ ಆಗ ಕೊಟ್ಟಿದ್ರೆ," ಎಂದಳು ಅಕ್ಕ, ಒರಗಿಕೊಂಡು, "ನನ್ನ ಬೆನ್ನು ಇನ್ನೂ ಹತ್ತು ವರ್ಷ ಬಾಳ್ತಿತ್ತು. ನಿನಗೆ ಈ ಹೋಟೆಲ್ ಹೇಗನ್ನಿಸ್ತು?"

"ನನಗೇನು ಅಕ್ಕ, ಇರೋಳು ನೀನು. ನಿನಗೆ ಹೇಗನ್ನಿಸ್ತು ಹೇಳು."

ಅಕ್ಕ ಲೋಟಕ್ಕೆ ಚಹಾ ಬಗ್ಗಿಸಿಕೊಂಡಳು.

ಆ ದಿನ ಬ್ಯಾಂಕಿಗೆ ಸಾಮಾನು ಸಾಗಿಸಿದರು. ಸಂಜೆಯವರೆಗೂ ಅಕ್ಕನನ್ನು ಪೇಟೆ ಸುತ್ತಿಸಿದ. ಇಲ್ಲಿ ಕ್ಲಿನಿಕ್ಕಿದೆ, ಇಲ್ಲಿ ಔಷಧಿ ಅಂಗಡಿಯಿದೆ, ಈ ಪಾರ್ಕಿನಲ್ಲಿ ಹೆಂಗಸರು ಗುಂಪು ಕಟ್ಟಿಕೊಂಡು ನಡೆಯುತ್ತಾರೆ, ಈ ಓಣಿಯಲ್ಲಿ ಬಾಡಿಗೆಗೆ ನೆಲಮಹಡಿಯ ಮನೆಗಳು ಸಿಗುತ್ತವೆ. ಥಾನಿನ ಮೇಲೆ ಥಾನು ಬಿಚ್ಚಿ ಹರವುವ ಹಾಗೆ ಊರನ್ನೆಲ್ಲ ಬಿಚ್ಚಿ ಅಕ್ಕನ ಮುಂದೆ ಹರವಿದ. ಒಂದು ಕಡೆ ನಿಲ್ಲುವನು, ಅಕ್ಕ ಸರಿಯಾಗಿ ನೋಡುವಷ್ಟರಲ್ಲಿ ಮುಂದಿನ ತಿರುವಿನಲ್ಲಿರುವನು. ಅಕ್ಕ ಎಲ್ಲದಕ್ಕೂ "ಚೆನ್ನಾಗಿದೆ" ಎನ್ನುತ್ತ ಹಿಂದೆ ನಡೆದಳು. ಪಾರ್ಕಿನ ಬೆಂಚಿನಲ್ಲಿ ಕೂತು ಮಂಡಿ ಉಜ್ಜಿಕೊಳ್ಳುತ್ತ, "ಹಾಸ್ಟೆಲ್ಲಿನವರು ಬೆಳಿಗ್ಗೆ ಮತ್ತೆ ಫೋನ್ ಮಾಡಿದ್ರು," ಎಂದಳು.

"ಏನಂದೆ?"

"ನಾಳೆ ಹೇಳ್ತೀನಿ ಅಂದೆ." ಇವನು ಏನಾದರೂ ಹೇಳಲಿ ಎಂದು ಕಾದಂತಿತ್ತು. ಇವನು, "ಚಳಿ ಆಗ್ತಿದೆಯಾ? ಏಳೋಣವಾ?" ಎಂದ.

ಭಾನುವಾರ ಬೆಳಿಗ್ಗೆ ಪರದೆಯಣ್ಣ ಬ್ಯಾಂಕಿಗೆ ಬಂದಾಗ ಅಕ್ಕನ ಚೀಲ ಆಗಲೇ ಕೆಳಗಿಳಿದು ಬಂದಿತ್ತು. ಹಿಂದೆ ಗುಮಾಸ್ತರು ಕೂರುತ್ತಿದ್ದ ತೇಗದ ಕೌಂಟರೇ ಈಗ ರಿಸೆಪ್ಷನ್ನು. ಅದರ ಪಕ್ಕದ ಸೋಫಾದಲ್ಲಿ ಅಕ್ಕ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸಮವಸ್ತ್ರ ತೊಟ್ಟ ಸಾಮಾನು ಹೊರುವವನು ಚೀಲ ಎತ್ತಿಕೊಂಡು ನಿಂತಿದ್ದ.

"ನಿದ್ದೆ ಬಂತಾ ಅಕ್ಕ?"

"ಸೊಗಸಾಗಿ. ಪರದೆ ಮಾತ್ರ ಒಂದು ಬೆರಳು ಗಿಡ್ಡ."

"ನೋಡಿದ್ಯಾ? ನಾಳೆನೇ ಬಿಚ್ಚಿಸಿ..."

"ತಮಾಷೆ ಮಾಡಿದೆ ಕಣೋ. ನೀನೇ ನಿನ್ನೆ ನಾಲ್ಕು ಸಲ ಹೇಳಿದೀಯ."

ಇವನು ನಗಲಿಲ್ಲ. "ಹಾಗಾದ್ರೆ ಹೊರಡೋಣ. ಹಡಗು ಕಂಪನೀದು ಕಾಯ್ತಾ ಇದೆ. ಮೆಟ್ಟಿಲು ಕಡಿದು, ಆದ್ರೆ ಬಾಲ್ಕನಿ ಇದೆ. ಅದನ್ನೂ ನೋಡಿದ್ರೆ ಮೂರೂ ನೋಡಿದ ಹಾಗಾಗುತ್ತೆ. ಆಮೇಲೆ ನೀನು..."

"ಆಮೇಲೆ ನಾನು ಏನು?"

"ನಿನಗೆ ಹೇಗೆ ಅನುಕೂಲವೋ..."

"ನಿಲ್ಲು," ಎಂದಳು ಅಕ್ಕ. ಜೋರಾಗೇನೂ ಅಲ್ಲ. ಆದರೂ ಚೀಲ ಹೊತ್ತವನೂ ನೆಟ್ಟಗೆ ನಿಂತ. "ಎರಡು ದಿನದಿಂದ ನಿನ್ನ ಬಾಯಲ್ಲಿ ಇದೊಂದೇ ಕೇಳ್ತಿದೀನಿ. ನೀರು ಅನುಕೂಲವಾ, ಗೋಡೆ ಅನುಕೂಲವಾ, ಪಾರ್ಕು ಅನುಕೂಲವಾ. ನನಗೆ ವರ್ಗ ಆದಾಗ ಬಸ್ ಸ್ಟ್ಯಾಂಡಿನ ತನಕ ನೀನು ಟ್ರಂಕು ಹೊತ್ಕೊಂಡು ಬಂದೆ, ನೆನಪಿದೆಯಾ? ಆವತ್ತೂ ಇದೇ ಅಂದೆ. ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡಕ್ಕ ಅಂದೆ."

"ಮತ್ತೆ ಇನ್ನೇನು ಹೇಳ್ಲಿ? ಗವರ್ನಮೆಂಟ್ ಕೆಲಸ..."

"ಹೋಗ್ಬೇಡ ಅನ್ನಬಹುದಿತ್ತು. ಬಸ್ಸು ಬರೋ ತನಕ ನಾನು ಕಾದೆ. ಬಸ್ಸು ಬಂದ ಮೇಲೂ ಕಂಡಕ್ಟರ್ ಬೈಯೋ ತನಕ ಫುಟ್‌ಬೋರ್ಡಿನ ಮೇಲೆ ನಿಂತಿದ್ದೆ. ನೀನು ಟ್ರಂಕು ಸರಿಯಾಗಿ ಕಟ್ಟಿದಾರಾ ಅಂತ ಬಸ್ಸಿನ ಹಿಂದೆ ಹೋಗಿ ನೋಡ್ತಿದ್ದೆ."

ಪರದೆಯಣ್ಣನ ಕೈ ಪ್ಯಾಂಟಿನ ಜೇಬಿಗೆ ಹೋಯಿತು. ಅಲ್ಲಿ ಟೇಪಿತ್ತು. ಅದನ್ನು ಒಂದು ಅಡಿ ಎಳೆದ, ಮತ್ತೆ ಒಳಗೆ ಬಿಟ್ಟ. ಹೇಳಿಬಿಟ್ಟರೆ? ಅಕ್ಕನಿಗೆ ಇಲ್ಲಿ ಬೇಜಾರಾದರೆ? ಹೆಂಡತಿಗೂ ಅವಳಿಗೂ ಮಾತಿಗೆ ಮಾತು ಬೆಳೆದರೆ? ಮಂಡಿ ನೋವು ಜೋರಾಗಿ, ಆ ಹಾಸ್ಟೆಲ್ಲಿನಲ್ಲಾದರೆ ನರ್ಸ್ ಇದ್ದಳು, ನೀನು ಇರು ಅಂದದ್ದಕ್ಕೆ ಇದ್ದೆ ಎಂದರೆ? ಹಿಡಿದಿಟ್ಟ ರೂಮು ಮತ್ತೆ ಸಿಗುವುದಿಲ್ಲ. ತಪ್ಪೆಲ್ಲ ತನ್ನ ತಲೆಗೆ. ಅವನ ಕಾಲು ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟಿತು, ಹಿಂದಕ್ಕೆ ಒಂದು ಬಂತು.

ಅಕ್ಕ ಫೋನು ಕೈಗೆತ್ತಿಕೊಂಡಳು. "ನಾನು ಈಗ ಅವರಿಗೆ ಫೋನ್ ಮಾಡ್ತೀನಿ. ನನ್ನ ಅನುಕೂಲ ನಾನು ನೋಡ್ಕೋತೀನಿ, ಅದು ನನಗೆ ಅಭ್ಯಾಸ ಇದೆ. ನಿನಗೇನು ಬೇಕು, ಅದನ್ನ ಹೇಳು. ಹೇಳೋದಕ್ಕೆ ಏನೂ ಇಲ್ಲದಿದ್ರೆ ಅದೂ ತಪ್ಪಲ್ಲ. ಸಂಜೆ ಬಸ್ಸಿಗೆ ಹೋಗ್ತೀನಿ."

ರಿಸೆಪ್ಷನ್ನಿನ ಹುಡುಗಿ ಇಲ್ಲದ ಕಾಗದಗಳನ್ನು ಜೋಡಿಸತೊಡಗಿದಳು. ಅಕ್ಕನ ಹೆಬ್ಬೆರಳು ಫೋನಿನ ಮೇಲೆ ಆಡಿತು. ಆ ಕಡೆ ಗಂಟೆ ಹೊಡೆಯುವ ಸದ್ದು ಇವನಿಗೂ ಸಣ್ಣಗೆ ಕೇಳಿಸಿತು.

"ಇರು," ಎಂದ ಪರದೆಯಣ್ಣ.

"ಏನು?"

"ಇಲ್ಲೇ ಇರು ಅಕ್ಕ. ಹೋಗ್ಬೇಡ." ಟೇಪನ್ನು ಬಿಟ್ಟು ಕೈಯನ್ನು ಜೇಬಿನಿಂದ ಹೊರಗೆ ತೆಗೆದ. "ಅನುಕೂಲ ಇಲ್ಲದೆ ಇದ್ರೂ ಇರು. ನನಗೆ ನೀನು ಬೇಕು."

ಆ ಕಡೆ ಯಾರೋ ಹಲೋ ಹಲೋ ಎನ್ನುತ್ತಿದ್ದರು. ಅಕ್ಕ ತಮ್ಮನ ಮುಖದಿಂದ ಕಣ್ಣು ತೆಗೆಯದೆ ಫೋನನ್ನು ಕಿವಿಗೆ ಹಿಡಿದಳು. ಊರಿನವರನ್ನೆಲ್ಲ ಊರಿನವರಿಗೆ ಜೋಡಿಸಿದ ಅದೇ ದನಿಯಲ್ಲಿ ಮಾತಾಡಿದಳು.

"ನಮಸ್ಕಾರ. ರೂಮಿನ ವಿಷಯ ಹೇಳೋಣ ಅಂತ. ಅದನ್ನ ಬೇರೆಯವರಿಗೆ ಕೊಟ್ಟುಬಿಡಿ... ಇಲ್ಲ ಇಲ್ಲ, ಬಾಡಿಗೆ ಜಾಸ್ತಿ ಅಂತ ಅಲ್ಲ... ಇಲ್ಲಿ ಮನೆನಾ? ಇನ್ನೂ ಏನೂ ಗೊತ್ತಿಲ್ಲ. ತಮ್ಮ ಇರು ಅಂದ." ಆ ಕಡೆಯವರು ಏನೋ ಹೇಳಿದರು. "ಹೌದು, ಅಷ್ಟೇ," ಎಂದಳು ಅಕ್ಕ. ಫೋನು ಇಟ್ಟು, ಸೆರಗಿನ ತುದಿಯಿಂದ ಕನ್ನಡಕ ಒರೆಸತೊಡಗಿದಳು. ಒರೆಸುವ ಕೆಲಸ ಬೇಗ ಮುಗಿಯಲಿಲ್ಲ.

ಪರದೆಯಣ್ಣ ಜೀವನದಲ್ಲಿ ಮೊದಲ ಸಲ ಒಂದು ಮಾಲನ್ನು ಇದೇ ತಗೊಳ್ಳಿ ಎಂದು ಕೊಟ್ಟಿದ್ದ, ಅದಿನ್ನು ವಾಪಸಾಗುವಂತಿರಲಿಲ್ಲ. ಓಣಿಯ ಆ ನೆಲಮಹಡಿಯ ಮನೆಗಳಿಗೆ ಗಾಳಿ ಬರುತ್ತದೋ ಇಲ್ಲವೋ, ಹೆಂಡತಿಗೆ ಈಗಲೇ ತಿಳಿಸುವುದೋ ಮಧ್ಯಾಹ್ನವೋ, ಅಕ್ಕನ ಸಾಮಾನಿಗೆ ಲಾರಿ ಬೇಕೋ ಟೆಂಪೋ ಸಾಕೋ, ಎಲ್ಲ ಒಟ್ಟಿಗೆ ತಲೆಗೆ ಮುತ್ತಿಕೊಂಡವು. ಆಗಲೇ ಅವನ ಕಣ್ಣು ಬಾಗಿಲು ಹುಡುಕುತ್ತಿತ್ತು.

ಚೀಲ ಹಿಡಿದು ನಿಂತೂ ನಿಂತೂ ಭುಜ ಬದಲಾಯಿಸಿದ್ದವನು ಕೊನೆಗೆ ಕೆಮ್ಮಿದ. "ಸಾರ್, ಇದು ಎಲ್ಲಿಗೆ? ಹೊರಗೆ ಆಟೋಗಾ, ಮೇಲೆ ರೂಮಿಗಾ?"

ಪರದೆಯಣ್ಣ ಅಕ್ಕನ ಕಡೆ ನೋಡಿದ. ಅಕ್ಕ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು, ಇವನ ಕಡೆ ತಿರುಗಲಿಲ್ಲ.

"ಮೇಲೆ," ಎಂದ. "ಅದೇ ರೂಮಿಗೆ."